ಎಣ್ಣೆ ಬದಲಾದರೂ ಇಳಿಯದ ಕೊಲೆಸ್ಟ್ರಾಲ್

ಪ್ರಶ್ನೆ: ಬಸವೇಶ್ವರನಗರದ ನಾಲ್ವರ ಕುಟುಂಬವೊಂದು ರಿಫೈನ್ಡ್ ಎಣ್ಣೆ ಬಿಟ್ಟು ಗಾಣದ ಕಡಲೆಕಾಯಿ ಎಣ್ಣೆಗೆ ಬದಲಾಗಿ ಆರು ತಿಂಗಳಾದರೂ ಮನೆಯ ಹಿರಿಯರ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಇಳಿದಿಲ್ಲ. ಸಂಜೆಯ ತಿಂಡಿ ಮಾತ್ರ ಬೇಕರಿಯದು. ಕಾರಣವೇನಿರಬಹುದು?

ಉತ್ತರ: ಗಾಣದ ಎಣ್ಣೆಯಲ್ಲಿ ಕಡಲೆಕಾಯಿಯ ಪರಿಮಳ ಹೆಚ್ಚು ಉಳಿಯುತ್ತದೆ, ನಿಜ. ಆದರೆ ಕೊಬ್ಬಿನಾಮ್ಲಗಳ, ಅಂದರೆ ಕೊಬ್ಬಿನ ಮೂಲ ಘಟಕಗಳ, ಪ್ರಮಾಣದಲ್ಲಿ ಅದು ರಿಫೈನ್ಡ್ ಕಡಲೆಕಾಯಿ ಎಣ್ಣೆಗಿಂತ ಹೆಚ್ಚೇನೂ ಭಿನ್ನವಲ್ಲ. ಗ್ರಾಂ ಒಂದಕ್ಕೆ ಎರಡೂ ಕೊಡುವುದು 9 ಕಿಲೋಕ್ಯಾಲೊರಿಯೇ. ಗಾಣದ್ದೆಂಬ ಭರವಸೆಯಲ್ಲಿ ಒಗ್ಗರಣೆಗೆ ಒಂದು ಚಮಚ ಹೆಚ್ಚೇ ಬೀಳುವುದೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿಯು ದಿನಕ್ಕೆ 2,000 ಕಿಲೋಕ್ಯಾಲೊರಿಯ ಊಟಕ್ಕೆ 27 ಗ್ರಾಂ ಎಣ್ಣೆ-ಕೊಬ್ಬನ್ನು ಸೂಚಿಸುವುದರಿಂದ, ನಾಲ್ವರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಸಾಕು. ತುಪ್ಪವೂ ದರ್ಶಿನಿಯಲ್ಲಿ ತಿಂದ ಬೆಣ್ಣೆ ದೋಸೆಯ ಬೆಣ್ಣೆಯೂ ಇದೇ ಲೆಕ್ಕಕ್ಕೆ ಸೇರಬೇಕು.

ಆದರೆ ಹೆಚ್ಚಿನ ಅನುಮಾನ ಬೇಕರಿಯ ಮೇಲೆ. ಪಫ್ಸ್‌ನ ಪದರಗಳು ಬಿಡಿಬಿಡಿಯಾಗಿ ಅರಳಲು ಗಟ್ಟಿಯಾದ ಕೊಬ್ಬು ಬೇಕು. ಹಿಂದೆ ಇದಕ್ಕೆ ವನಸ್ಪತಿ, ಅಂದರೆ ಸಸ್ಯದ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿಗೊಳಿಸಿದ ಕೊಬ್ಬು, ಬಳಕೆಯಲ್ಲಿತ್ತು. ಆ ಕ್ರಿಯೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸಿ, ರಕ್ಷಕವೆನಿಸಿದ ಎಚ್‌ಡಿಎಲ್ ಅನ್ನು ಇಳಿಸುತ್ತದೆ. 2022ರಿಂದ ಭಾರತದಲ್ಲಿ ಅದರ ಮಿತಿ ಒಟ್ಟು ಕೊಬ್ಬಿನ ಶೇ 2. ಟ್ರಾನ್ಸ್ ಕೊಬ್ಬು ತಗ್ಗಿದರೂ ಗಟ್ಟಿತನದ ಅಗತ್ಯ ತಪ್ಪದ ಕಾರಣ, ಅರ್ಧದಷ್ಟು ಸಂತೃಪ್ತ (ಸ್ಯಾಚುರೇಟೆಡ್) ಕೊಬ್ಬೇ ಇರುವ ತಾಳೆ ಎಣ್ಣೆಯಂಥವು ಆ ಸ್ಥಾನಕ್ಕೆ ಬಂದಿವೆ. ಸಂತೃಪ್ತ ಕೊಬ್ಬು ಹೆಚ್ಚಾದಾಗ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಅನ್ನು ಹೆಕ್ಕಿಕೊಳ್ಳುವ ಸಾಮರ್ಥ್ಯ ಕುಗ್ಗುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ‘ಟ್ರಾನ್ಸ್ ಕೊಬ್ಬು 0’ ಎಂಬ ಬರಹದ ಜೊತೆಗೆ ಸಂತೃಪ್ತ ಕೊಬ್ಬಿನ ಸಾಲನ್ನೂ ಓದಬೇಕು. ಬಿಡಿಯಾಗಿ ಮಾರುವ ಖಾರಾ ಬಿಸ್ಕತ್ತಿಗಾದರೋ ಆ ಸಾಲೂ ಇರುವುದಿಲ್ಲ.

ಪಫ್ಸ್ ಬಿಟ್ಟು ಮೈದಾ-ಸಕ್ಕರೆಯ ರಸ್ಕಿಗೆ ಹೊರಳಿದರೆ ಲಾಭ ಅಲ್ಪ. ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಉಸಲಿ, ಚಳಿಗಾಲವಾದರೆ ಅವರೆಕಾಳು ಮೇಲು. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ರೂಢಿ ಮನೆಯಲ್ಲಿದ್ದರೆ ಅದನ್ನೂ ಬಿಡತಕ್ಕದ್ದು.

ಇಷ್ಟಾದ ಮೇಲೂ ಎರಡು-ಮೂರು ತಿಂಗಳಲ್ಲಿ ಎಲ್‌ಡಿಎಲ್ ಇಳಿಯದಿದ್ದರೆ, ಥೈರಾಯ್ಡ್ ಹಾರ್ಮೋನಿನ ಕೊರತೆಯಾಗಲಿ ವಂಶವಾಹಿ ಕಾರಣವಾಗಲಿ ಇರಬಹುದು; ಮೊದಲನೆಯದನ್ನು ತಿಳಿಯಲು ವೈದ್ಯರು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಸೂಚಿಸಬಹುದು. ಈಗಾಗಲೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಡೆಯುತ್ತಿದ್ದರೆ, ಪಥ್ಯ ಆರಂಭವಾಯಿತೆಂದು ಅದನ್ನು ನಿಲ್ಲಿಸಬಾರದು.