ಮೊದಲು ತಿಂಗಳು, ಆಮೇಲೆ ಕೋಣೆ

ರಜೆ ಹತ್ತಿರ ಬಂತೆಂದರೆ ನಮ್ಮ ಗೋವಿಂದರಾಜನಗರದ ಪರಿಚಯದವರು ನನ್ನನ್ನು ಕೇಳುತ್ತಾರೆ: ‘ಆಂಟಿ, ಕೂರ್ಗಲ್ಲಿ ಯಾವ ರೆಸಾರ್ಟ್ ಚೆನ್ನಾಗಿದೆ?’ ನಾನು ತಿರುಗಿ ಕೇಳುತ್ತೇನೆ, ‘ಯಾವ ತಿಂಗಳು ಹೊರಟಿದ್ದೀರಿ?’ ದುಡ್ಡು ಕೂಡಿಟ್ಟು ಮಲೆನಾಡು, ಕೊಡಗು, ಕರಾವಳಿಯ ದುಬಾರಿ ಹೋಟೆಲುಗಳಲ್ಲಿ ತಂಗಿ ಬಂದ ಮೇಲೆ ನನಗೆ ಖಚಿತವಾದದ್ದು ಇಷ್ಟು. ಮೆತ್ತನೆಯ ಹಾಸಿಗೆ, ಬಿಸಿನೀರು, ನಗುಮುಖದ ಸಿಬ್ಬಂದಿ ಬೆಂಗಳೂರಲ್ಲೂ ಸಿಗುತ್ತವೆ. ಘಟ್ಟ ಹತ್ತಿಳಿದು ಹೋಗಿ ನಾವು ದುಡ್ಡು ಕೊಡುವುದು ಆ ಊರಿಗೆ, ಆ ಊರಿನ ಆ ಹೊತ್ತಿಗೆ.

ಕಾಫಿ ಹೂವನ್ನೇ ನೋಡಿ. ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಯಾವಾಗಲೋ ಒಂದು ಹದವಾದ ಮಳೆ ಬೀಳುತ್ತದೆ, ತೋಟದವರು ಹೂಮಳೆ ಅನ್ನುತ್ತಾರೆ. ಅದಾಗಿ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಘಮ ಹರಡುತ್ತದೆ. ಎರಡು ಮೂರು ದಿನಕ್ಕೆ ಎಲ್ಲ ಮುಗಿಯುತ್ತದೆ. ಆರು ತಿಂಗಳು ಮೊದಲೇ ಕೋಣೆ ಕಾದಿರಿಸುವವರಿಗೆ ಇದು ದಕ್ಕುವುದು ಅದೃಷ್ಟವಿದ್ದರೆ ಮಾತ್ರ. ಆದರೆ ಒಂದು ದಾರಿಯಿದೆ. ರೊಬಸ್ಟಾ ತೋಟಗಳಲ್ಲಿ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ನೀರು ಹಾಯಿಸಿ ಹೂ ಅರಳಿಸುವುದುಂಟು. ಹಾಗಾಗಿ ತೋಟದೊಳಗಿನ ಹೋಟೆಲಿಗೆ ಫೋನ್ ಮಾಡಿದಾಗ ನನ್ನ ಮೊದಲ ಪ್ರಶ್ನೆ, ‘ಸ್ಪ್ರಿಂಕ್ಲರ್ ಯಾವಾಗ ಹಾಕಿದಿರಿ?’ ಉತ್ತರ ಗೊತ್ತಿದ್ದವರು ದಿನ ಹೇಳುತ್ತಾರೆ. ಗೊತ್ತಿಲ್ಲದಿದ್ದರೂ ತೋಟದ ರೈಟರ್ ಹತ್ತಿರ ಕೇಳಿ ಹೇಳುವವರಿದ್ದಾರೆ. ಪ್ರಶ್ನೆಯೇ ಅರ್ಥವಾಗದೆ ಈಜುಕೊಳದ ವರ್ಣನೆ ಶುರುಮಾಡುವ ಕಡೆ ತೋಟ ಬರೀ ಕಿಟಕಿಯಾಚೆಯ ಹಸಿರು. ಅಂಥಲ್ಲಿಗೆ ನಾನು ಹೋಗುವುದಿಲ್ಲ.

ಕಬಿನಿಯದು ಇನ್ನೊಂದು ಲೆಕ್ಕ. ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆ ಇದ್ದ ಜಾಗದಲ್ಲಿ ಈಗ ಜಂಗಲ್ ಲಾಡ್ಜಸ್‌ನ ವಸತಿಯಿದೆ. 1980ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಗೆ ದಾರಿ ತೋರಿಸಿದವರಲ್ಲಿ ಒಬ್ಬರಾದ ಕರ್ನಲ್ ಜಾನ್ ವೇಕ್‌ಫೀಲ್ಡ್ ತಮ್ಮ ಇಳಿವಯಸ್ಸನ್ನು ಅಲ್ಲೇ ಕಳೆದರು. ಚಳಿಗಾಲದಲ್ಲಿ ಕಬಿನಿ ಹಿತ, ನಿಜ. ಆದರೆ ಆನೆ ನೋಡಬೇಕೆಂದರೆ ಬಿರುಬೇಸಿಗೆಯಲ್ಲೇ ಹೋಗಬೇಕು. ಏಪ್ರಿಲ್, ಮೇ ಹೊತ್ತಿಗೆ ಹಿನ್ನೀರು ಇಳಿದು, ತೇವದ ನೆಲದಲ್ಲಿ ಹೊಸ ಹುಲ್ಲು ಎದ್ದು, ನಾಗರಹೊಳೆ ಬಂಡೀಪುರಗಳ ಹಿಂಡುಗಳು ನೀರಂಚಿಗೆ ಬರುತ್ತವೆ. ಮಧ್ಯಾಹ್ನದ ಸೆಕೆ ತಡೆದುಕೊಂಡರೆ ಸಂಜೆ ದೋಣಿಯಲ್ಲಿ ಕೂತು ಮರಿಗಳನ್ನು ನಡುವೆ ಬಿಟ್ಟುಕೊಂಡು ನಿಂತ ಹಿಂಡನ್ನು ನೋಡಬಹುದು. ನನ್ನ ಜೀವನದಲ್ಲಿ ದುಡ್ಡು ಕೊಟ್ಟು ನೋಡಿದ್ದರಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಕರಾವಳಿಗೆ ಬಂದರೆ ಊಟದ ಮಾತೇ ಮೊದಲು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆ ಎರಡು ತಿಂಗಳು ದೊಡ್ಡ ಹೋಟೆಲಿನ ಮೆನುವಿನಲ್ಲಿ ಅಂಜಲ್ ಫ್ರೈ ಇದ್ದರೆ ಅದು ಮಂಜುಗಡ್ಡೆಯಲ್ಲಿ ಎಷ್ಟು ದಿನ ಕಳೆದಿದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಲೆಗಳ ಅಬ್ಬರಕ್ಕೆ ನೀರಾಟವೂ ಇಲ್ಲ. ಹಾಗೆಂದು ಮಳೆಗಾಲ ಬಿಡಬೇಕಾಗಿಲ್ಲ. ಒಂದು ಕಡೆ ಸೌಪರ್ಣಿಕೆ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ ಇರುವ ಮರವಂತೆಯನ್ನು ಜುಲೈನಲ್ಲಿ ನೋಡಿದವರು ಡಿಸೆಂಬರಿನ ಮರವಂತೆಗೆ ಮನಸೋಲುವುದು ಕಷ್ಟ. ಊಟಕ್ಕೆ ಪತ್ರೊಡೆ, ಕಣಿಲೆ ಪಲ್ಯ, ಒಣಮೀನಿನ ಚಟ್ನಿ ಮಾಡಿಕೊಡುತ್ತೀರಾ ಎಂದು ನಾವು ಮೊದಲೇ ಕೇಳಿಡುತ್ತೇವೆ. ಮೆನುವಿನಲ್ಲಿ ಇವು ಇರುವುದಿಲ್ಲ. ಒಳಗೆ ಅಡುಗೆಯವರು ತಮಗೆ ಮಾಡಿಕೊಂಡಿರುತ್ತಾರೆ. ಕೊಡಗಲ್ಲೂ ಇದೇ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ತಿಂಗಳ 18ರಂದು ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ, ಬಣ್ಣ ಕಡು ನೇರಳೆ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಂಬಿಕೆ. ಅಂಥ ದಿನ ಕೊಡಗಿನಲ್ಲಿದ್ದು ಬಫೆಯಲ್ಲಿ ಪಾಸ್ತಾ ತಿಂದು ಬರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮಳೆಗಾಲಕ್ಕೆ ಹೊರಡುವವರು ಹೋಟೆಲಿನ ಹಿಂದಿನ ಗುಡ್ಡದ ಬಗ್ಗೆಯೂ ವಿಚಾರಿಸಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಕುಸಿದು ಜನ ಮನೆಮಠ ಕಳೆದುಕೊಂಡದ್ದನ್ನು ನೋಡಿದ ಮೇಲೆ, ಇಳಿಜಾರನ್ನು ನೆಟ್ಟಗೆ ಕಡಿದು ಕೋಣೆ ಕಟ್ಟಿದ ಜಾಗದಲ್ಲಿ, ನೋಟ ಎಷ್ಟೇ ಚೆಂದವಿರಲಿ, ನನಗೆ ನಿದ್ದೆ ಬರುವುದಿಲ್ಲ. ಮಣ್ಣು ಹಿಡಿದಿಟ್ಟ ಮರಗಳನ್ನು ಉಳಿಸಿ, ಇರುವ ನೆಲಕ್ಕೆ ಹೊಂದಿಸಿ ಕಟ್ಟಿದವರಿಗೆ ನಾಲ್ಕು ಕಾಸು ಹೆಚ್ಚು ಕೊಡಲು ನಾನು ತಯಾರು. ಬೇಸಿಗೆಯಲ್ಲಿ ಊರಿನ ಬಾವಿ ಬತ್ತುವ ಕಡೆ ಕೋಣೆಗೊಂದು ಈಜುಕೊಳ ನನಗೆ ಬೇಡ.

ದಾರಿಯ ವಿಷಯದಲ್ಲಿ ನಾವು ಪಶ್ಚಿಮ ಬೆಂಗಳೂರಿನವರು ಪುಣ್ಯವಂತರು. ಊರು ದಾಟುವ ಗೋಜಿಲ್ಲ, ಮೈಸೂರು ರಸ್ತೆ, ಮಾಗಡಿ ರಸ್ತೆ, ತುಮಕೂರು ರಸ್ತೆ ಎಲ್ಲ ಕೈಗೆಟುಕುವಷ್ಟು ಹತ್ತಿರ. ಕರಾವಳಿಗೆ ನಮ್ಮ ಆಯ್ಕೆ ಯಶವಂತಪುರದಿಂದ ಹೊರಡುವ ಹಗಲು ರೈಲು. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದಲ್ಲಿ 57 ಸುರಂಗ. ಪ್ರವಾಸದ ಅರ್ಧ ಸುಖ ಅಲ್ಲೇ ಸಿಗುತ್ತದೆ. ರಸ್ತೆಯಲ್ಲಿ ಹೋದರೆ ಮಾತ್ರ, ಮಳೆಗೆ ಶಿರಾಡಿ ಘಾಟಿಯಲ್ಲಿ ಕಾರು ನಿಂತಿತೆಂದರೆ ಗಂಟೆಗಟ್ಟಲೆ ಕಾಯಬೇಕು.

ಕೊನೆಯದಾಗಿ ದುಡ್ಡು ಮತ್ತು ಮೆಟ್ಟಿಲು. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದರೆ ಶೇ 18 ಜಿಎಸ್‌ಟಿ ಬೀಳುತ್ತದೆ. ತೋರಿಸುವ ದರದಲ್ಲಿ ಇದು ಸೇರಿದೆಯೇ ಎಂದು ಕೇಳಿಕೊಂಡರೆ ಎರಡು ರಾತ್ರಿಗೆ ಆಗುವ ವ್ಯತ್ಯಾಸದಲ್ಲಿ ಸಫಾರಿಯ ಖರ್ಚು ಕಳೆಯಬಹುದು. ಇನ್ನು ಮೆಟ್ಟಿಲು. ನಮ್ಮ ಜೊತೆ ಬರುವ ಅತ್ತೆಯವರಿಗೆ ಮಂಡಿನೋವು. ಗುಡ್ಡದ ಹೋಟೆಲುಗಳಲ್ಲಿ ಒಳ್ಳೆಯ ನೋಟದ ಕೋಣೆಗಳೆಲ್ಲ ಮೇಲೆ ಅಥವಾ ಕೆಳಗೆ ಇರುತ್ತವೆ, ಊಟದ ಮನೆ ಇನ್ನೆಲ್ಲೋ. ಮೆಟ್ಟಿಲೆಷ್ಟು ಎಂದು ಕೇಳಿದರೆ ಹೆಚ್ಚಿನವರು ‘ಜಾಸ್ತಿ ಇಲ್ಲ ಮೇಡಂ’ ಅನ್ನುತ್ತಾರೆ. ಚಿಕ್ಕಮಗಳೂರಿನ ಒಂದು ಕಡೆ ಮ್ಯಾನೇಜರು ಹತ್ತು ನಿಮಿಷ ಸಮಯ ಕೇಳಿ, ತಾವೇ ಹೋಗಿ ಎಣಿಸಿ ಬಂದು ಫೋನ್ ಮಾಡಿದರು. ಅಲ್ಲೇ ಕೋಣೆ ಹಿಡಿದೆವು.