ಹೊಳೆಯಾಚೆಯ ಜ್ವರ

ರಾಯಚೂರು ಜಿಲ್ಲೆಗೆ ಕೆಲವೆಡೆ ಕೃಷ್ಣೆಯ ಆಚೆ ತೆಲಂಗಾಣ, ಕೆಲವೆಡೆ ತುಂಗಭದ್ರೆಯ ಆಚೆ ಆಂಧ್ರ. 1956ರವರೆಗೆ ಗದ್ವಾಲ, ಆಲಂಪುರ ನಮ್ಮ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಗಡಿ ಬಿತ್ತು; ಆದರೆ ಬೀಗತನ, ಕೂಲಿ, ದವಾಖಾನೆ ಓಡಾಟ ನಿಲ್ಲಲಿಲ್ಲ. ಜ್ವರದ ಜಾಡು ಹಿಡಿಯುವ ಕೆಲಸದಲ್ಲಿ ನಾನು ಕಲಿತ ಕೆಲವು ಪಾಠಗಳಿವು.

1. ರೋಗಿಯ ಊರನ್ನು ಆಮೇಲೆ ಕೇಳಿ. ದೇವದುರ್ಗದ ದೊಡ್ಡಿ, ತಾಂಡಾಗಳಿಂದ ಗುಳೆ ಹೋದವರು ಹೈದರಾಬಾದ್, ಪುಣೆಯ ಕಟ್ಟಡ ಕೆಲಸದಿಂದ ಹಬ್ಬಕ್ಕೆ ಮರಳುತ್ತಾರೆ. ಆಧಾರ್ ನೋಡಿ ಬರೆದರೆ ಎಲ್ಲರೂ ದೇವದುರ್ಗದವರೇ. "ಯಕ್ಕಾ, ಜ್ವರ ಬರೋಕಿಂತ ಮೊದ್ಲು ಹದಿನೈದು ದಿನ ಯಾವೂರಾಗ ಇದ್ರಿ?" ಎಂದರೆ ನಿಜವಾದ ವಿಳಾಸ ಸಿಗುತ್ತದೆ. ಡೆಂಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ ಜ್ವರ ಕಾಣಿಸುತ್ತದೆ; ಔಷಧ ಹೊಡೆಯಬೇಕಾದ ಓಣಿ ಎಷ್ಟೋ ಸಲ ಬೇರೆ ರಾಜ್ಯದಲ್ಲಿರುತ್ತದೆ.

2. ರೋಗಿಯೊಬ್ಬರನ್ನೇ ಕೇಳಿದರೆ ಸಾಲದು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣ ನಮ್ಮ ಜಿಲ್ಲೆಯ ಮಾನ್ವಿ ತಾಲ್ಲೂಕಿನ ಒಂದು ಮಗುವಿನಲ್ಲಿ ಪತ್ತೆಯಾಯಿತು. ಖಚಿತಪಡಿಸಿದ್ದು ಪುಣೆಯ ವೈರಾಣು ಸಂಸ್ಥೆ. ಆ ಮಗು ಎಲ್ಲಿಗೂ ಪ್ರಯಾಣ ಮಾಡಿರಲಿಲ್ಲ. ಝೀಕಾ ತಗುಲಿದ ಐವರಲ್ಲಿ ಸುಮಾರು ನಾಲ್ವರಿಗೆ ಲಕ್ಷಣಗಳೇ ಇರುವುದಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಾರುವುದು ಕೆಲವು ನೂರು ಮೀಟರ್ ಅಷ್ಟೇ. ಹೊಳೆ ದಾಟುವವನು ಮನುಷ್ಯ. ಹಾಗಾಗಿ ಮನೆಗೆ ಬಂದುಹೋದ ನೆಂಟರನ್ನು, ಓಣಿಯಲ್ಲಿ ಇಳಿದುಕೊಂಡ ಕೂಲಿಯವರನ್ನು ವಿಚಾರಿಸಬೇಕು. ನೀರಿನ ಬ್ಯಾರೆಲ್‌ಗೆ ಟಾರ್ಚ್ ಬಿಟ್ಟು ಲಾರ್ವಾ ನೋಡುವುದು ಇದರ ಜೊತೆಜೊತೆಗೇ ಆಗಬೇಕು. ಮಗುವಿನ ಮನೆಯ ಮುಂದೆ ಜನ ಸೇರದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ.

3. ಆಚೆ ಕಡೆಯ ಆರೋಗ್ಯ ಸಹಾಯಕನ ಪರಿಚಯ ಮೊದಲೇ ಇರಲಿ. ನಮ್ಮ ವರದಿ ಬೆಂಗಳೂರಿಗೆ ಹೋಗುತ್ತದೆ, ಅವರದು ಹೈದರಾಬಾದ್‌ಗೆ. ಆ ದಾರಿ ಹಿಡಿದು ಸುದ್ದಿ ಶಕ್ತಿನಗರದಿಂದ ಎದುರು ದಂಡೆಯ ಕೃಷ್ಣಾ ಗ್ರಾಮ ತಲುಪುವಷ್ಟರಲ್ಲಿ ಜ್ವರ ಬಂದು ಹೋಗಿರುತ್ತದೆ. ಮೆಕಾಂಗ್ ನದಿಯ ಆರು ದೇಶಗಳು 2001ರಲ್ಲಿ ಒಪ್ಪಂದ ಮಾಡಿಕೊಂಡು, ಗಡಿ ಜಿಲ್ಲೆಗಳ ಸಿಬ್ಬಂದಿಯೇ ಪರಸ್ಪರ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿದವು. ಬೇರೆ ಬೇರೆ ಸರ್ಕಾರ, ಬೇರೆ ಬೇರೆ ಲಿಪಿ! ನಮ್ಮದು ಒಂದೇ ದೇಶ. ಗಡಿಯ ಹಳ್ಳಿಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ನೆಪ ಹೇಳಲು ನಮಗೆ ಮುಖವಿಲ್ಲ.

4. ಪೋಲಿಯೊ ಶಿಸ್ತನ್ನು ಬಿಡಬೇಡಿ. 15 ವರ್ಷದೊಳಗಿನ ಮಗುವಿನ ಕೈಕಾಲು ಹಠಾತ್ತನೆ ಸೋತರೆ, 14 ದಿನದೊಳಗೆ, ಕನಿಷ್ಠ 24 ತಾಸು ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆಯಬೇಕು. ಗಾಬರಿಯಾದ ತಂದೆತಾಯಿ ರಾಯಚೂರಿನಿಂದ ಕರ್ನೂಲಿಗೆ ಓಡುತ್ತಾರೆ. ಅವರು ಹೊರಟ ದಿನವೇ ಅಲ್ಲಿಯವರಿಗೆ ತಿಳಿಸಿದರೆ ಎರಡನೆಯ ಮಾದರಿ ತಪ್ಪುವುದಿಲ್ಲ.

5. ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯದಲ್ಲಿ ರಾಯರ ಆರಾಧನೆಗೆ ಜನ ಸೇರುವ ಮುಂಚೆಯೇ ಆಚೆಯವರೊಂದಿಗೆ ಕುಳಿತು ಮಾತಾಡಿ. ವಾಂತಿಭೇದಿ ಶುರುವಾದ ಮೇಲೆ ಯಾರಿಗೂ ಕೂರಲು ಪುರುಸೊತ್ತಿರುವುದಿಲ್ಲ.

6. ನಂಬರುಗಳನ್ನು ಸ್ವಂತ ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡರೆ ವರ್ಗಾವಣೆಯ ದಿನ ಸಂಪರ್ಕವೆಲ್ಲ ನಿಮ್ಮ ಜೊತೆಗೇ ಹೊರಟುಹೋಗುತ್ತದೆ. ಕಚೇರಿಯ ರಿಜಿಸ್ಟರ್‌ನ ಮೊದಲ ಪುಟದಲ್ಲಿ ಬರೆದಿಡಿ; ಆರು ತಿಂಗಳಿಗೊಮ್ಮೆ ಒಂದೊಂದಕ್ಕೂ ಫೋನ್ ಹಚ್ಚಿ ನೋಡಿ.