ನಿಲ್ಲಿಸಲು ಬ್ರೇಕು, ಇಳಿಯಲು ಗೇರು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದಾಗ ನನ್ನ ಡ್ರೈವಿಂಗ್ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಂಟು ವರ್ಷ ಪಳಗಿದ ಕೈ. ಧರ್ಮಸ್ಥಳಕ್ಕೆ ಹೊರಟಿದ್ದೆವು. ಪಕ್ಕದಲ್ಲಿ ಅಮ್ಮ, ಹಿಂದೆ ಹೆಂಡತಿ, ಮಗಳು, ಡಿಕ್ಕಿ ತುಂಬ ಲಗೇಜು. ಇಳಿಜಾರು ಕಂಡದ್ದೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದೆ. ಪೆಟ್ರೋಲ್ ಉಳಿಯುತ್ತದಲ್ಲ!

"ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಒಂದ್ನಿಮಿಷ ನಿಲ್ಸೋ" ಎಂದರು ಅಮ್ಮ. ಲಾರಿಗಳು ಸಾಲಾಗಿ ನಿಂತಿದ್ದವು. ದರ್ಶನಕ್ಕೆ ತಡವಾಗುತ್ತದೆಂದು ನಿಲ್ಲಿಸದೆ ಮುಂದೆ ಹೋದೆ.

ಪ್ರತಿ ತಿರುವಿಗೂ ಬ್ರೇಕು. ಸ್ವಲ್ಪ ಹೊತ್ತಿಗೆ ರಬ್ಬರ್ ಸುಟ್ಟಂಥ ವಾಸನೆ. ಬೇರೆ ಯಾವುದೋ ಗಾಡಿಯದಿರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಪೆಡಲ್ ತುಳಿದರೆ ಕೆಸರಿಗೆ ಕಾಲಿಟ್ಟ ಹಾಗೆ ಒಳಕ್ಕೆ ಹೋಯಿತು, ಗಾಡಿ ಮಾತ್ರ ಹಿಡಿಯಲಿಲ್ಲ. ಗಾಬರಿಯಲ್ಲೇ ಮೂರನೇ ಗೇರು, ಆಮೇಲೆ ಎರಡನೆಯದು ಹಾಕಿದೆ. ಎಂಜಿನ್ ಅರಚಿತು, ವೇಗ ಕುಗ್ಗಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಗುಡ್ಡದ ಬದಿಗೆ ತಂದು ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಹಿಂದೆ ಬಂದ ಲಾರಿಯವರೊಬ್ಬರು ಇಳಿದು ಬಂದರು. ಚಕ್ರದ ಮೇಲೆ ನೀರು ಸುರಿಯಹೊರಟ ನನ್ನ ಕೈ ತಡೆದರು: "ಬೇಡ ಸಾರ್, ಕಾದ ಡಿಸ್ಕು ಹಾಳಾಗುತ್ತೆ. ಅರ್ಧ ಗಂಟೆ ತಣೀಲಿ." ಆಮೇಲೆ ಅಂದರು: "ಬ್ರೇಕ್ ಇರೋದು ನಿಲ್ಸೋಕೆ. ಇಳಿಯೋಕೆ ಗೇರಿದೆ. ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀಬೇಕು."

ಊರಿಗೆ ಮರಳಿದ ಮೇಲೆ ಮೆಕ್ಯಾನಿಕ್ ಉಳಿದದ್ದನ್ನು ಬಿಡಿಸಿ ಹೇಳಿದ. ಬ್ರೇಕು ಗಾಡಿಯ ವೇಗವನ್ನು ಶಾಖವಾಗಿಸುತ್ತದೆ. ಬಿಡುವಿಲ್ಲದೆ ತುಳಿದರೆ ಪ್ಯಾಡು ಕಾದು ಹಿಡಿತ ತಪ್ಪುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವಂಥದ್ದು. ಹಳತಾದಷ್ಟೂ ಬೇಗ ಕುದಿದು ಗುಳ್ಳೆಯೇಳುತ್ತದೆ. ತುಳಿದ ಒತ್ತಡವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದು ಚಕ್ರದವರೆಗೆ ಹೋಗುವುದಿಲ್ಲ. ನಾನು ಐದು ವರ್ಷದಿಂದ ಆಯಿಲ್ ಬದಲಿಸಿರಲಿಲ್ಲ. ಈಗ ಎರಡು ವರ್ಷಕ್ಕೊಮ್ಮೆ ತಪ್ಪಿಸುವುದಿಲ್ಲ. ಪೆಟ್ರೋಲ್ ಉಳಿತಾಯದ ಲೆಕ್ಕವೂ ತಲೆಕೆಳಗಾಗಿತ್ತು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿದ್ದರೆ ಎಂಜಿನ್ ಆರದಿರಲು ಕುಡಿಯುತ್ತಲೇ ಇರುತ್ತವೆ.

ಅಂದಿನಿಂದ ಘಾಟಿಯಲ್ಲಿ ನನ್ನ ರೂಢಿಗಳೇ ಬೇರೆ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸುತ್ತೇನೆ. ರಸ್ತೆ ಕಿರಿದಾದಲ್ಲಿ ನಿಂತು, ಹತ್ತಿ ಬರುವ ಗಾಡಿಗೆ ದಾರಿ ಬಿಡುತ್ತೇನೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಅದನ್ನೇ ಹೇಳುತ್ತವೆ. ಮಂಜು ಕವಿದರೆ ಲೋ ಬೀಮ್. ಹೈ ಬೀಮಿನ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಹಿಂತಿರುಗುತ್ತದೆ. ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುವುದಿಲ್ಲ. ನಾನು ಯಾವ ಕಡೆ ತಿರುಗುತ್ತೇನೆಂದು ಹಿಂದಿನವನಿಗೆ ತಿಳಿಯಬೇಕಲ್ಲ.

ಹೊರಡುವಾಗ ಆ ಲಾರಿಯವರನ್ನು ಕೇಳಿದ್ದೆ, "ಗುಡಿ ಹತ್ರ ಎಲ್ಲರೂ ನಿಲ್ಲಿಸ್ತೀರಲ್ಲ, ಹರಕೆಯಾ?"

"ಕೈಮುಗಿಯೋಕೆ ಸಾರ್" ಎಂದು ನಕ್ಕರು. "ಅಷ್ಟೊತ್ತಿಗೆ ಬ್ರೇಕೂ ತಣಿಯುತ್ತೆ."

ಈಗ ಆ ಗುಡಿ ಬಂದರೆ ಅಮ್ಮ ಏನೂ ಹೇಳಬೇಕಾಗಿಲ್ಲ.